ತಿರುವಿನ ದೀಪದ ಗಂಗಣ್ಣ

ಗಂಗಣ್ಣ ನಡೆಯುವಾಗ ನೆಲ ನೋಡುತ್ತಿರಲಿಲ್ಲ. ಯಾವ ಬೀದಿಗೆ ಹೋದರೂ ತಲೆಯೆತ್ತಿ ದೀಪದ ಕಂಬ ನೋಡುತ್ತಲೇ ಹೋಗುವವರು. ಹಾಗಾಗಿ ಅವರ ಕಾಲಿನ ಹೆಬ್ಬೆರಳಿಗೆ ಸದಾ ಒಂದು ಬಟ್ಟೆಯ ಚಿಂದಿ ಸುತ್ತಿರುತ್ತಿತ್ತು. ಐವತ್ತರ ದಶಕದಲ್ಲಿ ನಾನು ಹೊಸಹಳ್ಳಿಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಪಕ್ಕದ ಮನೆಯ ಈ ಮನುಷ್ಯನಿಗೆ ಎಡವುವುದೇ ಕಸುಬೇನೋ ಅಂದುಕೊಂಡಿದ್ದೆ.

ಕಸುಬು ಬಟ್ಟೆ ಗಿರಣಿಯಲ್ಲಿ. ಪೇಟೆಯ ಬೀದಿಗಳಿಗೆ ಕರೆಂಟು ಬಂದು ಹಳೆಯ ಸೀಮೆಎಣ್ಣೆ ದೀಪಗಳು ಗುಜರಿ ಸೇರಿದ್ದವು. ಪಾಳಿ ಮುಗಿಸಿ ಬರುವಾಗ ಗಂಗಣ್ಣ ಅವನ್ನು ಒಂದೊಂದಾಗಿ ಹೊತ್ತು ತರುತ್ತಿದ್ದರು. ಗಾಜಿಲ್ಲದ ಗೂಡು, ತುಕ್ಕು ತಿಂದ ತಲೆ, ಬುಡ ಮುರಿದ ಕಂಬ. ಇಟ್ಟಿಗೆ ಪುಡಿಯಲ್ಲಿ ಉಜ್ಜಿ, ತಗಡು ಬೆಸೆದು, ಬಣ್ಣ ಬಳಿದು ಕೊಟ್ಟಿಗೆಯಲ್ಲಿ ನಿಲ್ಲಿಸುವರು. ಹಸು ಹೊರಗೆ, ದೀಪ ಒಳಗೆ. "ನಮ್ಮನೇಲಿ ಹಾಲು ಕರೆಯೋದೂ ಕಂಬದಿಂದ್ಲೇ" ಎಂದು ಅವರ ಹೆಂಡತಿ ಪುಟ್ಟಕ್ಕ ಗೊಣಗುವರು. ಗೊಣಗಿದರೂ ತಡೆದವರಲ್ಲ. ಈ ಹುಚ್ಚು ಶುರುವಾದದ್ದೇ ಅವರಿಂದ. ನಮ್ಮ ಓಣಿಯ ತಿರುವಿನಲ್ಲಿ ತೆರೆದ ಮೋರಿಯೊಂದಿತ್ತು. ಕತ್ತಲಲ್ಲಿ ನೀರಿನ ಕೊಡದ ಸಮೇತ ಅದರೊಳಗೆ ಬಿದ್ದ ಪುಟ್ಟಕ್ಕ ಆಮೇಲೆ ನೆಟ್ಟಗೆ ನಡೆಯಲಿಲ್ಲ.

ನಮ್ಮ ಕಡೆಗೆ ಕರೆಂಟು ಇನ್ನೂ ಬಂದಿರಲಿಲ್ಲ. ಗಂಗಣ್ಣ ಇದ್ದುದರಲ್ಲಿ ಒಳ್ಳೆಯ ದೀಪವೊಂದನ್ನು ಆ ತಿರುವಿನಲ್ಲಿ ನೆಟ್ಟು, ದಿನಾ ಮುಸ್ಸಂಜೆ ಏಣಿ ಹಾಕಿ ಹಚ್ಚತೊಡಗಿದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಸಂಜೆ ಹಚ್ಚಿದ ದೀಪಕ್ಕೆ ಕೈ ಮುಗಿಯದೆ ಹೋಗುವ ಹೆಂಗಸರು ನಮ್ಮಲ್ಲಿ ಯಾರಿದ್ದರು? ಮೊದಲು ಕೈ ಮುಗಿದರು, ಆಮೇಲೆ ಕಂಬಕ್ಕೆ ಅರಿಶಿನ ಕುಂಕುಮ ಬಂತು. ಕಾರ್ತಿಕದಲ್ಲಿ ನಮ್ಮತ್ತೆಯವರೇ ಮುಂದೆ ನಿಂತು ಅದರ ಬುಡ್ಡಿಗೆ ಹರಳೆಣ್ಣೆ ಹೊಯ್ಯಿಸಿದರು. ಕೈ ಮುಗಿಯುವ ದೀಪಕ್ಕೆ ಸೀಮೆಎಣ್ಣೆ ಮೈಲಿಗೆಯಂತೆ. ಆ ಮಂದ ಎಣ್ಣೆ ಬತ್ತಿಗೆ ಏರದೆ ದೀಪ ಹೊಗೆ ಕಾರಿ, ಗಾಜು ಮಸಿಯಾಗಿ, ಆರಿಯೇ ಹೋಯಿತು.

ಪಾಳಿಯಿಂದ ಬಂದ ಗಂಗಣ್ಣ ಬತ್ತಿ ಕಿತ್ತು, ಬುಡ್ಡಿ ತೊಳೆದು, ನಮ್ಮ ಜಗುಲಿಯ ಮೇಲೆ ಕುಸಿದು ಕೂತರು. "ಇದು ಬೀದಿ ದೀಪ ಕಣಮ್ಮ. ಕೈ ಮುಗಿಯೋಕಲ್ಲ, ಕಾಲು ನೋಡ್ಕೊಂಡು ನಡೆಯೋಕೆ" ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. ಮುಂದಿನ ಶುಕ್ರವಾರ ಮತ್ತೆ ಹರಳೆಣ್ಣೆ. ಕೊನೆಗೆ ಅವರೇ ಸೋತು ಕಂಬದ ಬುಡದಲ್ಲಿ ಪುಟ್ಟ ಗೂಡೊಂದನ್ನು ಕಟ್ಟಿ, ನಿಮ್ಮ ಹಣತೆ ಇಲ್ಲಿಡಿ, ಮೇಲಿನದರ ತಂಟೆಗೆ ಬರಬೇಡಿ ಎಂದು ಬೇಡಿಕೊಂಡರು. ಆ ರಾಜಿ ಕೆಲವು ವರ್ಷ ನಡೆಯಿತು.

ಆಮೇಲೆ ಹತ್ತಿಯ ಧೂಳು ಅವರ ಎದೆ ಹಿಡಿದು, ಹಾಸಿಗೆಯಿಂದ ಏಳದಂತಾಯಿತು. ಓಣಿಯ ಗಂಡಸರು ಇನ್ನೇನು ಕರೆಂಟು ಬರುತ್ತಲ್ಲ ಎಂದರೇ ಹೊರತು ಯಾರೂ ಏಣಿ ಮುಟ್ಟಲಿಲ್ಲ.

ಒಂದು ಸಂಜೆ ಗಂಜಿ ತೆಗೆದುಕೊಂಡು ಹೋಗಿದ್ದೆ. "ದೀಪ ಹಚ್ಚಿದ್ರಾ ತಾಯಿ?" ಎಂದು ಕೇಳಿದರು. ಹೂಂ, ನಮ್ಮತ್ತೆ ಹಚ್ಚಿದ್ರು ಎಂದೆ.

"ಮೇಲಿನದಾ, ಕೆಳಗಿನದಾ?"

"ಕೆಳಗಿನದು."

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಒಳಗೆ ಪುಟ್ಟಕ್ಕ ಖಾಲಿ ಕೊಡ ಎತ್ತಿಕೊಳ್ಳುತ್ತಿದ್ದ ಸದ್ದು ಕೇಳಿರಬೇಕು. "ಕತ್ತಲಾಯ್ತು ಪುಟ್ಟಿ. ನೀರಿಗೆ ನಾಳೆ ಹೋಗು" ಎಂದರು. ನಾನು ಕೇಳಿದ ಅವರ ಕೊನೆಯ ಮಾತು ಅದು.