ಇಸ್ಪೀಟಿನಲ್ಲಿ ನನ್ನನ್ನು ಸೋಲಿಸಿದವಳು

ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ಮೂರೆಲೆಯ ತೀನ್ ಪತ್ತಿ ಆಡುವುದರಲ್ಲಿ ನನಗೆ ಸರಿಸಾಟಿ ಯಾರೂ ಇರಲಿಲ್ಲ. ಇದನ್ನು ಹೇಳಲು ನನಗೆ ಸಂಕೋಚವೇನಿಲ್ಲ. ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತ ಆಡುವ ಗಂಡಸರೂ ನನ್ನೆದುರು ಕೂರಲು ಹಿಂದೆಮುಂದೆ ನೋಡುತ್ತಿದ್ದರು.

ದೀಪಾವಳಿ ಪಾಡ್ಯದ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಹೆಂಗಸರು ಹುಣಸೆಬೀಜ ಹಂಚಿಕೊಂಡು ಆಡುತ್ತೇವೆ. ದುಡ್ಡಿನ ಮಾತೇ ಇಲ್ಲ. ಗೆದ್ದವಳು ಮರುದಿನ ಭಾವೂಬೀಜಕ್ಕೆ ತವರಿಗೆ ಹೋಗಿ ಅಣ್ಣತಮ್ಮಂದಿರಿಗೆ ಆರತಿ ಮಾಡಿ ಬರಬಹುದು. ಸೋತವರು ಇಲ್ಲಿಯೇ ಇದ್ದು, ಆರತಿಗೆಂದು ಬರುವ ಈ ಮನೆಯ ಹೆಣ್ಣುಮಕ್ಕಳಿಗೆ ಅಡುಗೆ ಮಾಡಬೇಕು. ನಾನು ಈ ಆಟ ಕಲಿತದ್ದೇ ಕುರುಂದವಾಡದ ನನ್ನ ಅಣ್ಣನಿಗಾಗಿ. ಅಣ್ಣ ತೀರಿಕೊಂಡ ಮೇಲೆ ಹೋಗುವುದು ನಿಂತಿತು. ಗೆಲ್ಲುವುದನ್ನು ಮಾತ್ರ ನಾನು ಬಿಡಲಿಲ್ಲ.

ಸೊಸೆ ಇಚಲಕರಂಜಿ ಪಕ್ಕದ ಕಬನೂರಿನವಳು. ಅಲ್ಲಿ ಮಗ್ಗ ನಡೆಸುವ ಅಣ್ಣನಿಗೆ ಇವಳೊಬ್ಬಳೇ ತಂಗಿ. ಮೊದಲ ಸಲ ಆಡಲು ಕೂತಾಗ ಎಲೆ ಬಿದ್ದ ಕೂಡಲೇ ಎತ್ತಿ ನೋಡಿ, ಅರ್ಧ ಗಳಿಗೆಯಲ್ಲಿ ಬೀಜವನ್ನೆಲ್ಲ ಕಳೆದುಕೊಂಡಳು. ಮರುದಿನ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಗ್ಯಾಸಿನ ಒಲೆ, ಹೊಗೆಯ ಮೇಲೆ ಹಾಕುವ ಹಾಗೂ ಇರಲಿಲ್ಲ. ಸಂಜೆ ಬಂದು, "ಅತ್ತಿ, ನನಗ ಆಟ ಕಲಸ್ರಿ," ಎಂದಳು. ಅತ್ತೆಯನ್ನು ಸೋಲಿಸಲು ಅತ್ತೆಯ ಹತ್ತಿರವೇ ಬಂದ ಆ ಧೈರ್ಯ ನನಗೆ ಹಿಡಿಸಿತು.

"ಮದಲನೇ ಸುತ್ತಿನ್ಯಾಗ ಎಲಿ ಮುಟ್ಟಬ್ಯಾಡ," ಎಂದೆ. "ಎದುರಿನವರ ಮಾರಿ ನೋಡ. ಯಾರಿಗೆ ತಡಕೊಳ್ಳಾಕ ಆಗೂದಿಲ್ಲೋ ಅವರು ಎಲಿ ಎತ್ತತಾರ. ಎತ್ತಿ ನೋಡಿದವರು ಎರಡ ಬೀಜ ಹಾಕಬೇಕು, ನೋಡದವರಿಗೆ ಒಂದ ಸಾಕು. ಮ್ಯಾಲ ನೋಡದವರ ಎಲಿ ತೋರಸಂತ ಅವರು ಕೇಳಾಂಗಿಲ್ಲ."

"ಎಲಿ ಕೆಟ್ಟಿದ್ರ ಏನ ಮಾಡೂದ್ರಿ?"

"ನೋಡಿ ಕೆಟ್ಟಿದ್ರ ಆ ಕ್ಷಣಾನ ಚೆಲ್ಲಿ ಬಿಡ, ಹಾಕಿದ್ದಕ್ಕ ಅಳಬ್ಯಾಡ. ಕೆಟ್ಟ ಎಲಿಗಿಂತ ಚಲೋ ಎಲೀನ ಭಾಳ ಮಂದೀನ ಮುಳಗಸತೈತಿ."

ಹೋದ ವರ್ಷದ ಪಾಡ್ಯಕ್ಕೆ ನಾನು, ಮೈದುನನ ಹೆಂಡತಿಯಾದ ನನ್ನ ನೆಗೆಣ್ಣಿ, ಸೊಸೆ ಕೂತೆವು. ನೆಗೆಣ್ಣಿ ಬೇಗ ಬೀಜ ತೀರಿಸಿ ಎದ್ದಳು. ನಮ್ಮಿಬ್ಬರ ಗುಡ್ಡೆ ಹೆಚ್ಚುಕಡಿಮೆ ಸಮ. ಎಲೆ ಹಂಚಿದೆವು. ಸೊಸೆ ತನ್ನವನ್ನು ಮುಟ್ಟಲಿಲ್ಲ. ಒಂದು ಬೀಜ ಎಸೆದು, ಮಡಿಲಲ್ಲಿದ್ದ ಅರಳೆ ತೆಗೆದು ಹೂಬತ್ತಿ ಹೊಸೆಯತೊಡಗಿದಳು. ನಾಳೆಯ ಆರತಿಗೆ! ಆಟ ಮುಗಿದೇ ಇಲ್ಲ, ಇವಳು ಆಗಲೇ ತವರಿಗೆ ಹೊರಟಾಗಿದೆ. ನನಗೆ ಮೈಯೆಲ್ಲ ಉರಿಯಿತು. ಒಂದೆರಡು ಸುತ್ತು ತಡೆದುಕೊಂಡೆ. ಆಮೇಲೆ ಎಲೆ ಎತ್ತಿಯೇಬಿಟ್ಟೆ.

ಮೂರೂ ಒಂದೇ ಜಾತಿ, ಆಟೀನು; ಅದರಲ್ಲೊಂದು ಎಕ್ಕ. ಇಂಥ ಎಲೆ ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ನಾನು ಎರಡೆರಡು ಹಾಕುತ್ತ ಹೋದೆ. ಹೆದರಿಸಲೆಂದು ಹೆಚ್ಚು ಸುರಿದೆ. ಅವಳು ಅದರ ಅರ್ಧದಷ್ಟು ಹಾಕಿ ಮತ್ತೊಂದು ಬತ್ತಿ ಹೊಸೆದಳು. ತೋರಿಸು ಎಂದು ಕೇಳುವ ಹಕ್ಕು ನನಗಿಲ್ಲ. ಕಡೆಗೆ ನನ್ನ ಮುಂದೆ ಬರೀ ನೆಲ ಉಳಿಯಿತು, ಅವಳ ಮುಂದೆ ಇನ್ನೂ ಬೀಜಗಳಿದ್ದವು.

"ಪ್ಯಾಕ್," ಎಂದು ಎಲೆ ಚೆಲ್ಲಿದೆ. ಎಷ್ಟೋ ವರ್ಷಗಳಿಂದ ಕಡೆಯ ಆಟದಲ್ಲಿ ಈ ಮಾತು ನನ್ನ ಬಾಯಿಂದ ಬಂದಿರಲಿಲ್ಲ. ಸೊಸೆ ತನ್ನ ಮೂರು ಎಲೆಗಳನ್ನು ಮಗುಚದೆ ಹಾಗೆಯೇ ಕಟ್ಟಿನೊಳಗೆ ಸೇರಿಸಿಬಿಟ್ಟಳು.

"ಏ, ಈಗರ ಎತ್ತಿ ನೋಡ!"

"ಯಾಕ ನೋಡ್ಲಿರಿ ಅತ್ತಿ? ನೀವ ಕಲಿಸಿದ್ದಲ್ರಿ?"

ಸೋತ ಸಿಟ್ಟು ಎಲ್ಲಿ ಹೋಯಿತೋ. ನನ್ನೆದೆ ಉಬ್ಬಿತು, ಸುಳ್ಳು ಹೇಳುವುದಿಲ್ಲ.

ಬೆಳಿಗ್ಗೆ ಮಗ ಅವಳನ್ನು ಬೈಕಿನಲ್ಲಿ ಇಚಲಕರಂಜಿಯ ಬಸ್ಸಿಗೆ ಬಿಟ್ಟುಬಂದ. ಹೊಸೆದ ಬತ್ತಿಗಳಲ್ಲಿ ಅರ್ಧವನ್ನು ನನ್ನ ಮಗಳಿಗೆಂದು ದೇವರ ಮುಂದೆ ಇಟ್ಟು ಹೋಗಿದ್ದಳು. ಹೊತ್ತೇರಿದ ಮೇಲೆ ಕೊಲ್ಹಾಪುರದಿಂದ ಮಗಳು ಬಂದಳು. ಬೆವರು ಸುರಿಸುತ್ತ ಹೋಳಿಗೆ ಲಟ್ಟಿಸುತ್ತಿದ್ದ ನನ್ನನ್ನು ಕಂಡು ಬಾಗಿಲಲ್ಲೇ ನಿಂತಳು.

"ಯವ್ವಾ, ನೀ ಯಾಕ ಮಾಡಾಕತ್ತಿ? ವೈನಿ ಎಲ್ಲದಾರ?"

ಪಕ್ಕದ ಮನೆಗೂ ಕೇಳಲೆಂದು ನಾನು ದನಿ ಎತ್ತಿಯೇ ಹೇಳಿದೆ: "ಅಣ್ಣಗ ಆರತಿ ಮಾಡಾಕ ಹೋಗ್ಯಾಳ. ನನ್ನ ಗೆದ್ದ ಹೋಗ್ಯಾಳ!"