ಉಪ್ಪಿನಲ್ಲಿ ಹೂತ ಹಳದಿ

ಫ್ರಿಜ್ಜಿನಲ್ಲಿ ಒಂದು ಡಬ್ಬಿ ಇತ್ತು. ಮುಚ್ಚಳ ತೆಗೆದರೆ ತುಂಬ ಉಪ್ಪು, ಉಪ್ಪಿನೊಳಗೆ ಗಟ್ಟಿಯಾದ ಮೊಟ್ಟೆಯ ಹಳದಿ. "ಮೊಬೈಲಲ್ಲಿ ನೋಡಿ ಮಾಡ್ದೆ ಅಮ್ಮ, ತುರಿದು ಪಲ್ಯದ ಮೇಲೆ ಹಾಕ್ಕೊಳ್ಳೋದು" ಎಂದಳು ಮಗಳು. ಹೊಸ ವಿದ್ಯೆಯಂತೆ! ಅದನ್ನು ನಾನು ತಿಂದು ಇಪ್ಪತ್ತೈದು ವರ್ಷವಾಯಿತು. ತಿಂದದ್ದಷ್ಟೇ ಅಲ್ಲ, ತಿನ್ನಿಸಿದವರ ಅನ್ನಕ್ಕೆ ಮಣ್ಣು ಹಾಕಿದವಳೂ ನಾನೇ...

ಮದುವೆಯಾದ ಹೊಸತರಲ್ಲಿ ನಾವು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆವು. ಪಕ್ಕದ ಮನೆಯಲ್ಲಿ ನಾನು ಅಕ್ಕ ಎಂದು ಕರೆಯುತ್ತಿದ್ದ ಹೆಂಗಸೊಬ್ಬರಿದ್ದರು, ಹೊಳಲೂರಿನವರು. ಗಂಡನಿಗೆ ಲಕ್ವ ಹೊಡೆದು ಸಂಬಳ ನಿಂತಿತ್ತು. ನಮ್ಮಂಥ ಲಿಂಗ ಕಟ್ಟುವ ಮನೆಗಳ ಒಂಟಿ ನೌಕರರಿಗೆ ಮಧ್ಯಾಹ್ನದ ಕ್ಯಾರಿಯರ್ ಕಟ್ಟಿಕೊಟ್ಟು ಅಕ್ಕ ಸಂಸಾರ ಎಳೆಯುತ್ತಿದ್ದರು. ತಾವು ಮೊಟ್ಟೆ ತಿನ್ನುವವರೇ, ಆದರೆ ಅದಕ್ಕೆ ಹಿತ್ತಿಲಲ್ಲಿ ಬೇರೆ ಸ್ಟೋವ್, ಬೇರೆ ಪಾತ್ರೆ. ಒಂದು ದಿನವೂ ಕಲೆಸಲಿಲ್ಲ.

ನನಗೋ ಮೈಯಲ್ಲಿ ರಕ್ತವಿಲ್ಲ. ನಲ್ಲಿಯ ಹತ್ತಿರ ಎರಡು ಸಲ ತಲೆ ಸುತ್ತಿ ಬಿದ್ದೆ. ಡಾಕ್ಟರು ಮೊಟ್ಟೆ ತಿನ್ನಿ ಎಂದರು. ನಮ್ಮಲ್ಲಿ ಆ ಹೆಸರು ಎತ್ತುವಂತಿರಲಿಲ್ಲ. ನಾನೇ ಅಕ್ಕನ ಹತ್ತಿರ ಹೋಗಿ ಗೋಗರೆದೆ.

"ಬ್ಯಾಡ ಮಾರಾಯ್ತಿ, ನಿಮ್ಮತ್ತೆಗೆ ಗೊತ್ತಾದ್ರೆ ನನ್ನ ಹೊಟ್ಟೆಪಾಡು ಹೋಗುತ್ತೆ" ಎಂದರು. ನಾನು ಕಣ್ಣೀರು ಹಾಕಿದೆ. ಅಕ್ಕ ಕರಗಿದರು.

ಪಿಂಗಾಣಿ ಭರಣಿಯಲ್ಲಿ ಉಪ್ಪು ಹರಡಿ, ಬೆರಳಿನಿಂದ ಗುಳಿ ಮಾಡಿ, ಹಳದಿ ಒಡೆಯದಂತೆ ಇಳಿಸಿ, ಮೇಲೆ ಮತ್ತೆ ಉಪ್ಪು ಸುರಿಯುತ್ತಿದ್ದರು. ನಾಲ್ಕೈದು ದಿನಕ್ಕೆ ಅದು ಅಚ್ಚುಬೆಲ್ಲದ ಹಾಗೆ ಗಟ್ಟಿ. ಒರೆಸಿ, ತೆಳು ಬಟ್ಟೆಯಲ್ಲಿ ಕಟ್ಟಿ ಒಣಗಿಸಿ, ಬಿಸಿ ಹುರುಳಿಕಾಯಿ ಪಲ್ಯದ ಮೇಲೆ ತುರಿದು ಬಟ್ಟಲಲ್ಲಿ ಕೊಡುತ್ತಿದ್ದರು. ನೋಡಿದವರಿಗೆ ಅರಿಶಿನ ಹತ್ತಿದ ಕೊಬ್ಬರಿ. ಅಯ್ಯೋ, ಆ ರುಚಿ! ಎರಡು ತಿಂಗಳಲ್ಲಿ ನನ್ನ ಮುಖಕ್ಕೆ ಕಳೆ ಬಂತು.

ಒಂದು ದಿನ ಅತ್ತೆ ಶಿವಮೊಗ್ಗದ ಹೊಸಮನೆ ಬಡಾವಣೆಯಿಂದ ಹೇಳದೆ ಕೇಳದೆ ಬಂದಿಳಿದರು. ನಾನು ನೀರು ಹಿಡಿಯಲು ಹೋಗಿದ್ದೆ. ಹಸಿದಿದ್ದ ಅತ್ತೆ ಒಲೆಯ ಪಕ್ಕದ ಪಲ್ಯವನ್ನು ಪೂರ್ತಿ ತಿಂದು, ಬಟ್ಟಲ ಮೇಲೆ ಕೊರೆದಿದ್ದ ಅಕ್ಕನ ಗಂಡನ ಹೆಸರು ಓದಿ, ಹಿಂದಿರುಗಿಸಲು ಹೊರಟರು.

"ಪಲ್ಯಕ್ಕೆ ಅದೇನು ಹಾಕ್ತೀಯಮ್ಮ, ಬಹಳ ಚೆನ್ನಾಗಿದೆ" ಎಂದು ಕೇಳಿದರಂತೆ. ನಾನೇ ಹೇಳಿ ಒಪ್ಪಿಸಿದ್ದೇನೆ ಎಂದುಕೊಂಡ ಅಕ್ಕ ಖುಷಿಯಿಂದ ಭರಣಿಯನ್ನೇ ಎತ್ತಿ ತೋರಿಸಿಬಿಟ್ಟರು.

ನಾನು ಬಿಂದಿಗೆ ಹೊತ್ತು ಬಂದಾಗ ಅತ್ತೆ ಚರಂಡಿಯ ಪಕ್ಕ ಕೂತು ಗಂಟಲಿಗೆ ಬೆರಳು ಹಾಕಿ ಕಕ್ಕುತ್ತಿದ್ದರು. ಸಾಲುಮನೆಯವರೆಲ್ಲ ಬಾಗಿಲಲ್ಲಿ ನಿಂತಿದ್ದರು.

"ನಿಂಗೆ ಗೊತ್ತಿತ್ತೇನೇ?" ಎಂದು ನನ್ನತ್ತ ತಿರುಗಿದರು.

ಅಕ್ಕ ಭರಣಿ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಹೌದೆಂದರೆ ಅತ್ತೆ ನನ್ನನ್ನು ಅವತ್ತೇ ತವರಿಗೆ ಅಟ್ಟುತ್ತಿದ್ದರು.

"ಇಲ್ಲ ಅತ್ತೆ. ಕೊಬ್ಬರಿ ಅಂದಿದ್ರು" ಎಂದೆ.

ಮಾರನೆಯ ದಿನ ಅಕ್ಕನ ಮನೆಗೆ ತುಂಬಿಸಲು ಒಂದು ಕ್ಯಾರಿಯರ್ರೂ ಬರಲಿಲ್ಲ. ಮಾಡಿಟ್ಟಿದ್ದ ಅನ್ನವನ್ನು ಅಕ್ಕ ಬೀದಿ ದನಕ್ಕೆ ಹಾಕುವುದನ್ನು ಕಿಟಕಿಯಿಂದ ನೋಡಿದೆ. ತಿಂಗಳೊಳಗೆ ಗಂಡನನ್ನು ಲಗೇಜ್ ಆಟೋದಲ್ಲಿ ಮಲಗಿಸಿಕೊಂಡು ಊರಿಗೆ ಹೋದರು. ನಾನು ಬಾಗಿಲು ಹಾಕಿಕೊಂಡು ಒಳಗಿದ್ದೆ. ಥೂ ನನ್ನ ಜನ್ಮಕ್ಕೆ! ಹೋಗಿ ಕಾಲು ಹಿಡಿಯಬೇಕೆಂದು ವರ್ಷವರ್ಷವೂ ಅಂದುಕೊಂಡೆ. ಹೊಳಲೂರೇನು ಸಮುದ್ರದಾಚೆ ಇದೆಯೇ? ಹೋಗಲಿಲ್ಲ. ಕಳೆದ ವರ್ಷ ಅಕ್ಕ ತೀರಿಕೊಂಡರೆಂದು ಯಾರೋ ಹೇಳಿದರು...

ಇವತ್ತು ಮಗಳು ಪಲ್ಯದ ಮೇಲೆ ಹಳದಿ ತುರಿದು ತಂದಿಟ್ಟಳು. ಎಂಬತ್ತು ದಾಟಿದ ಅತ್ತೆ ಅವಳ ತಟ್ಟೆ ನೋಡಿ ಮುಖ ಸಿಂಡರಿಸಿದರು.

"ಆ ಹಲ್ಕಾ ಹೆಂಗಸು ಸುಳ್ಳು ಹೇಳಿ ನಮಗೆ ತಿನ್ನಿಸಿದ್ಲಲ್ಲ, ಅದೇ ಅಲ್ವೇನೇ ಇದು?"

ಯಾರಮ್ಮ ಅದು ಎನ್ನುವಂತೆ ಮಗಳು ನನ್ನತ್ತ ನೋಡಿದಳು. ಈಗ ನನ್ನನ್ನು ಎಲ್ಲಿಗೂ ಅಟ್ಟುವವರಿಲ್ಲ. ಮನೆ ನನ್ನದು, ಅತ್ತೆಗೆ ಅನ್ನ ಹಾಕುವವಳೂ ನಾನೇ.

ಆದರೂ, "ಹೌದು ಅತ್ತೆ, ಅದೇ" ಎಂದೆ.