ಸೂಗಪ್ಪನವರ ಬಾತುಕೋಳಿ ಸಂಸಾರ

ಒಳ್ಳೆಯವರ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಸಿಟ್ಟು. ತಾವೂ ನೆಮ್ಮದಿಯಿಂದ ಇರುವುದಿಲ್ಲ, ಅಕ್ಕಪಕ್ಕದವರನ್ನೂ ಇರಗೊಡುವುದಿಲ್ಲ. ದಿಲ್‌ಸುಖ್‌ನಗರದಲ್ಲಿ ನಾನು ಆರು ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕರು ಸೂಗಪ್ಪನವರು ಅಂಥ ಒಳ್ಳೆಯವರು.

ಮೂಲ ಬೀದರ ಕಡೆಯವರು. ಮೂವತ್ತೊಂದು ವರ್ಷ ಸರ್ಕಾರಿ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಹಗಲೆಲ್ಲ ತೆಲುಗು ಅಕ್ಷರ ಜೋಡಿಸಿ, ಸಂಜೆ ಮನೆಗೆ ಬಂದು ಕೈಯ ಮಸಿ ತೊಳೆದುಕೊಂಡು ಕನ್ನಡ ಮಾತಾಡುತ್ತಿದ್ದರು. ಎಂಬತ್ತಾರನೆಯ ಇಸವಿಯಲ್ಲಿ ನಿವೃತ್ತಿಯಾಯಿತು. ಮಕ್ಕಳಿರಲಿಲ್ಲ. ಹೆಂಡತಿ ಗಿರಿಜಾಬಾಯಿ ಮಾತಿನಲ್ಲಿ ಚುರುಕು, ಮನಸ್ಸಿನಲ್ಲಿ ಮೆತ್ತಗೆ. ಹಿತ್ತಲಲ್ಲಿ ಒಂದು ಕರಿಬೇವಿನ ಗಿಡ, ಒಂದು ಸಿಮೆಂಟಿನ ತೊಟ್ಟಿ. ನಿವೃತ್ತಿಯಾದ ಹದಿನೈದೇ ದಿನಕ್ಕೆ ಸೂಗಪ್ಪನವರು ಚಾರ್‌ಮಿನಾರ್ ಕಡೆಗೆ ಹೋದವರು ಮುರ್ಗಿ ಚೌಕದಲ್ಲಿ ಬುಟ್ಟಿಯಲ್ಲಿ ತುಂಬಿಟ್ಟ ಬಾತುಗಳನ್ನು ನೋಡಿದರು. ಪಕ್ಕದಲ್ಲೇ ಕೊಯ್ಯುವ ಮರದ ದಿಮ್ಮಿ ಇತ್ತಂತೆ. ಅಷ್ಟು ಸಾಕಾಯಿತು. ಏಳು ಬಾತುಗಳನ್ನು ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಬಂದರು.

"ಲಿಂಗ ಕಟ್ಟಿದ ಮನ್ಯಾಗ ಇವೇನ್ರೀ?" ಎಂದು ಗಿರಿಜಾಬಾಯಿ ಬಾಗಿಲಲ್ಲೇ ನಿಂತರು.

"ಸಾಯೋ ಜೀವ ಉಳಿಸೀನಿ. ಬೈಬ್ಯಾಡ. ಮಂದಿಗೆ ತ್ರಾಸ ಆಗಬಾರ್ದಂತ ಗದ್ದಲ ಮಾಡದವನ್ನ ಆರಿಸಿಕೊಂಡು ಬಂದೀನಿ."

ಅವರ ಎಡವಟ್ಟು ಅಲ್ಲೇ ಶುರುವಾಯಿತು. ಬಾತು ಸಾಕಿದವರ, ತಿಂದವರ ಮನೆಯಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ: ಗಂಟಲು ಹರಿಯುವಂತೆ ಕೂಗುವುದು ಹೆಣ್ಣು, ಗಂಡಿನದು ಬರೀ ಗೊರಗೊರ. ಹಕ್ಕಿಯನ್ನು ದೂರದಿಂದ ಮಾತ್ರ ನೋಡಿದ್ದ ಈ ಪುಣ್ಯಾತ್ಮರು ಹುಡುಕಿ ಹುಡುಕಿ ಐದು ಗಂಡು ತಂದಿದ್ದರು. ಎರಡು ಹೆಣ್ಣು ಹೇಗೋ ಬಾಯಿ ಮುಚ್ಚಿಕೊಂಡು ಅವರ ಪಾಲಿಗೆ ಬಂದಿದ್ದವು. ಗಿರಿಜಾಬಾಯಿ ಅವಕ್ಕೆ ಗಂಗಿ, ಚಂದ್ರಿ ಎಂದು ಹೆಸರಿಟ್ಟರು.

ನಾಲ್ಕು ತಿಂಗಳು ಎಲ್ಲವೂ ಚೆನ್ನಾಗಿತ್ತು. ಆಮೇಲೆ ಗಂಡುಗಳಿಗೆ ಪ್ರಾಯ ಬಂತು. ಬೆಳಕು ಹರಿದರೆ ಸಾಕು, ಐದೂ ಸೇರಿ ಆ ಎರಡನ್ನು ಹಿತ್ತಲ ತುಂಬ ಅಟ್ಟುತ್ತಿದ್ದವು. ಒಂದು ಹತ್ತಿ ಇಳಿಯುವ ಮೊದಲೇ ಇನ್ನೊಂದು. ಹತ್ತುವಾಗ ಕುತ್ತಿಗೆಯ ಹಿಂಭಾಗವನ್ನು ಕೊಕ್ಕಿನಿಂದ ಕಚ್ಚಿ ಹಿಡಿಯುತ್ತವೆ. ಅಲ್ಲಿನ ಗರಿಯೆಲ್ಲ ಕಿತ್ತುಹೋಗಿ, ಚರ್ಮ ಹರಿದು ಹಸಿ ಮಾಂಸ ಕಾಣತೊಡಗಿತು. ನಾನು ಪಾಠ ಹೇಳಲು ಶಾಲೆಗೆ ಹೊರಡುವಾಗ ಹಿತ್ತಲ ಕಡೆ ನೋಡುವುದನ್ನೇ ಬಿಟ್ಟೆ. ಮದುವೆ ಬೇಡವೆಂದು ಒಬ್ಬಳೇ ಇದ್ದ ನನಗೆ ಅದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು.

ಸೂಗಪ್ಪನವರು ಗಾಯವನ್ನು ಉಪ್ಪು ನೀರಿನಿಂದ ತೊಳೆದು, ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದರು. ನೊಣ ಕೂರಬಾರದೆಂದು ಸುತ್ತ ಬೇವಿನೆಣ್ಣೆ ಸವರಿದರು. ಮೊಳೆ ಜೋಡಿಸಿದ ಬೆರಳು, ಹಗುರ ಕೈ, ಬಾತು ಮಿಸುಕುತ್ತಿರಲಿಲ್ಲ. ವಾರದಲ್ಲಿ ಗಾಯ ಒಣಗುತ್ತಿತ್ತು. ಒಣಗಿದ ಮರುದಿನ ಹಿತ್ತಲಿಗೆ ಬಿಟ್ಟರೆ ಸಂಜೆಗೆ ಮತ್ತೆ ರಕ್ತ. ತಮ್ಮ ಹಳೆಯ ನೆಹರೂ ಶರ್ಟು ಹರಿದು ಬೆನ್ನಿಗೊಂದು ಕುಪ್ಪಸ ಹೊಲಿದು ಹಾಕಿದರು. ಅದು ನೀರು ಕುಡಿದು ಭಾರವಾಗಿ ಚಂದ್ರಿ ತೊಟ್ಟಿಯಲ್ಲಿ ಮುಳುಗತೊಡಗಿತು. ಇವರು ಪಂಚೆ ಸಮೇತ ಇಳಿದು ಎತ್ತಿದರು. ನಡುವೆ ತಗಡಿನ ಗೋಡೆ ಕಟ್ಟಿದರು. ಇತ್ತ ಹೆಣ್ಣು ಕೂಗಿದರೆ ಅತ್ತ ಗಂಡುಗಳು ತಗಡಿನ ಅಡಿಯ ಮಣ್ಣು ಕೆದರಿ ನುಸುಳಿ ಬರುತ್ತಿದ್ದವು.

ಪಶುವೈದ್ಯರ ಬಳಿಗೆ ಬುಟ್ಟಿ ಹೊತ್ತು ಹೋದಾಗ ಜೊತೆಗೆ ನಾನೂ ಹೋಗಿದ್ದೆ. ವೈದ್ಯರು ಗಾಯ ನೋಡಿ ಮುಲಾಮು ಬರೆದುಕೊಟ್ಟು ತೆಲುಗಿನಲ್ಲಿ ಹೇಳಿದರು: ಒಂದು ಗಂಡಿಗೆ ನಾಲ್ಕೈದು ಹೆಣ್ಣಿರಬೇಕು, ನಿಮ್ಮಲ್ಲಿ ಲೆಕ್ಕ ಉಲ್ಟಾ ಇದೆ, ಗಂಡುಗಳನ್ನು ಸಾಗಹಾಕದಿದ್ದರೆ ಈ ಮುಲಾಮು ಬರೀ ದಂಡ.

ಸಾಗಹಾಕುವುದು ಎಲ್ಲಿಗೆ? ನಮ್ಮ ಬೀದಿಯ ಕೊನೆಗೆ ಗೋದಾವರಿ ಕಡೆಯ ವೀರ್ರಾಜು ಎಂಬಾತ ಇದ್ದ. ಮನೆಯ ಹಿಂದೆ ಕೋಳಿ ಸಾಕುತ್ತಿದ್ದ. ನಾನೇ ಹೋಗಿ ಕರೆದುಕೊಂಡು ಬಂದೆ. ಐದನ್ನೂ ತೆಗೆದುಕೊಳ್ಳಲು ಆತ ಸಂತೋಷದಿಂದ ಒಪ್ಪಿದ.

"ಕೊಯ್ಯಂಗಿಲ್ಲ ಅಂತ ಮಾತು ಕೊಡ್ತೀಯೇನು?" ಎಂದು ಸೂಗಪ್ಪನವರು ತಮ್ಮ ಕೆಟ್ಟ ತೆಲುಗಿನಲ್ಲಿ ಕೇಳಿದರು.

ವೀರ್ರಾಜು ಪ್ರಾಮಾಣಿಕ. ಸಂಕ್ರಾಂತಿಗೆ ಅಳಿಯ ಬರುತ್ತಾನೆ, ಸುಳ್ಳು ಹೇಳಲಾರೆ ಎಂದ. ಸೂಗಪ್ಪನವರು ಅವನಿಗೆ ಚಹಾ ಕುಡಿಸಿ ಕಳಿಸಿಬಿಟ್ಟರು.

"ಏನ್ರೀ ಕಾಕಾ ಇದು?" ಎಂದು ನಾನು ರೇಗಿದೆ. "ಈ ಐದರ ಸಲುವಾಗಿ ಆ ಎರಡು ಸಾಯಬೇಕೇನು?"

"ಅವು ತಪ್ಪು ಮಾಡ್ಯಾವ ಅಂತ ಕೊರಳಿಗೆ ಕತ್ತಿ ಹಿಡೀಲೇನು, ನಲಿನಿ? ಅವಕ್ಕ ದೇವರು ಕೊಟ್ಟ ಬುದ್ಧಿ ಅಷ್ಟ."

"ಹೆಣ್ಣಿಗೆ ಏನು ಕೊಟ್ಟಾನ್ರೀ ನಿಮ್ಮ ದೇವರು?"

ಅವರು ಮುಲಾಮಿನ ಡಬ್ಬಿ ತೆಗೆದುಕೊಂಡು ಹಿತ್ತಲಿಗೆ ಹೋದರು.

ಮುಂದಿನ ವಾರ ಗಂಗಿ ಸತ್ತಿತು. ನೀರಿನಲ್ಲಿ ಮೂರು ಗಂಡು ಒಟ್ಟಿಗೆ ಮೇಲೇರಿ ತಲೆ ಎತ್ತಲು ಬಿಟ್ಟಿರಲಿಲ್ಲ. ಸೂಗಪ್ಪನವರು ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂಳಿ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ತೊಟ್ಟಿಯ ನೀರು ಖಾಲಿ ಮಾಡಿ, ಚಂದ್ರಿಯನ್ನು ಬಚ್ಚಲಮನೆಗೆ ತಂದುಕೊಂಡರು. ಇದ್ದೊಂದು ಹೆಣ್ಣನ್ನಾದರೂ ಉಳಿಸಬೇಕೆಂಬುದೇ ಅವರಿಗೆ ಹಗಲಿರುಳಿನ ಚಿಂತೆಯಾಯಿತು. ಗಿರಿಜಾಬಾಯಿ ಗೊಣಗುತ್ತಲೇ ಬಚ್ಚಲಿನ ಮೂಲೆ ಬಿಟ್ಟುಕೊಟ್ಟು, ಅನ್ನ ಕಲಸಿ ತಾವೇ ತಿನ್ನಿಸಿದರು. ತಿಂಗಳಾಗುವಷ್ಟರಲ್ಲಿ ಬೋಳು ಕುತ್ತಿಗೆಯ ಮೇಲೆ ಸೂಜಿಮೊನೆಯಂಥ ಹೊಸ ಗರಿ ಮೂಡಿತು. ಸೂಗಪ್ಪನವರು ನನ್ನನ್ನು ಕೂಗಿ ಕರೆದು ತೋರಿಸಿದರು. ಆ ದಿನ ನನಗೂ ಅವರ ಮೇಲಿನ ಸಿಟ್ಟು ಇಳಿದಿತ್ತು.

ಆದರೆ ಕತ್ತಲ ಬಚ್ಚಲಲ್ಲಿ ಒಂಟಿ ಬಾತು ಎಷ್ಟು ದಿನ ಇದ್ದೀತು? ಚಂದ್ರಿ ಮೇವು ಕಡಿಮೆ ಮಾಡಿತು. ಬಾಗಿಲಿಗೆ ಮುಖ ಮಾಡಿ ಕೂಗತೊಡಗಿತು. ತನ್ನನ್ನು ಹರಿದು ತಿಂದವರನ್ನೇ ಕರೆಯುತ್ತಿತ್ತು, ಅದಕ್ಕೆ ಬೇರೆ ಬಳಗವೇ ಇರಲಿಲ್ಲ. ಸೂಗಪ್ಪನವರು ದಿನಾ ಬೆಳಿಗ್ಗೆ ಒಂದು ತಾಸು ಅದನ್ನು ಹಿತ್ತಲ ಬಿಸಿಲಿಗೆ ತಂದು, ಬಿದಿರಿನ ದೊಡ್ಡ ಪಂಜರಬುಟ್ಟಿ ಕವುಚಿ, ಕೋಲು ಹಿಡಿದು ಕಾಯುತ್ತ ಕೂರುತ್ತಿದ್ದರು.

ಶ್ರಾವಣದ ಮೊದಲ ಸೋಮವಾರ ಗಿರಿಜಾಬಾಯಿ ಗುಡಿಗೆ ಹೋಗಿದ್ದರು, ನಾನು ಶಾಲೆಗೆ. ಮಧ್ಯಾಹ್ನ ಬಂದಾಗ ಸೂಗಪ್ಪನವರು ಹಿತ್ತಲ ಮೆಟ್ಟಿಲ ಮೇಲೆ ಕುಳಿತಿದ್ದರು. ಹಣೆಯ ವಿಭೂತಿ ಇನ್ನೂ ಹಸಿಯಾಗಿದ್ದಂತೆ ದಟ್ಟವಾಗಿತ್ತು. ಬುಟ್ಟಿ ಮಗುಚಿ ಬಿದ್ದಿತ್ತು. ಚಂದ್ರಿ ಅವರ ಮಡಿಲಲ್ಲಿತ್ತು, ಕುತ್ತಿಗೆ ಒಂದು ಕಡೆ ಜೋತುಬಿದ್ದಿತ್ತು. ಹೊಸ ಗರಿಯ ಜಾಗದಲ್ಲಿ ಏನೂ ಉಳಿದಿರಲಿಲ್ಲ.

"ಎಲ್ಲಿದ್ರಿ ಕಾಕಾ ನೀವು?" ಎಂದು ಚೀರಿದೆ.

"ಪೂಜಿಗೆ ಕುಂತಿದ್ದೆ. ಶ್ರಾವಣ ಸೋಮವಾರ, ಬ್ಯಾಗ ಮುಗಿಸಿ ಬರೋಣು ಅಂತ ಬುಟ್ಟಿ ಮ್ಯಾಲ ಕಲ್ಲಿಟ್ಟು ಹೋದೆ."

ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತವರು ನಡುವೆ ಏಳುವಂತಿಲ್ಲ. ನಮ್ಮ ಮನೆಯಲ್ಲೂ ಯಾರು ಬಾಗಿಲು ಬಡಿದರೂ ಅಪ್ಪ ಏಳುತ್ತಿರಲಿಲ್ಲ. ನನಗೆ ಅದು ಗೊತ್ತಿತ್ತು, ಅದಕ್ಕೇ ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಹೋಗ್ಲಿ ಬಿಡ್ರಿ, ಒಳಗ ನಿಮಗೆಲ್ಲಿ ಕೇಳಿಸಬೇಕು?" ಎಂದೆ.

ಸೂಗಪ್ಪನವರು ತಲೆ ಎತ್ತಿ ನನ್ನನ್ನು ನೋಡಿದರು.

"ಕೇಳಿಸ್ತವ್ವ," ಎಂದರು. "ಬುಟ್ಟಿ ಬಿದ್ದಿದ್ದೂ ಕೇಳಿಸ್ತು, ಅದು ಒದರಿದ್ದೂ ಕೇಳಿಸ್ತು. ನೂರಾ ಎಂಟು ಜಪದಾಗ ಇನ್ನ ಇಪ್ಪತ್ತು ಉಳಿದಿತ್ತು. ಮುಗಿಸಿ ಎದ್ದೆ."